ಬೋಟಿನ ಸೈಲೆನ್ಸರ್ ಲೈನ್ ನೀವೇ ರಿಪೇರಿ ಮಾಡುವುದು: ಮ್ಯಾನಿಫೋಲ್ಡ್‌ನಿಂದ ಹೊಗೆ ಪೈಪಿನ ತುದಿವರೆಗೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಹೋಗುವಂತಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರು, ಕಾರವಾರ, ಎಲ್ಲ ಬಂದರಲ್ಲೂ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬಲೆ ಸರಿಮಾಡುತ್ತೇವೆ, ಬಣ್ಣ ಹೊಡೆಯುತ್ತೇವೆ, ಇಂಜಿನ್ ಆಯಿಲ್ ಬದಲಿಸುತ್ತೇವೆ. ಸೈಲೆನ್ಸರ್ ಪೈಪನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಹೊಗೆ ಮೇಲೆ ಹೋಗ್ತಾ ಇದೆ ಅಲ್ವಾ, ಸಾಕು ಅಂತ ಬಿಟ್ಟುಬಿಡುತ್ತೇವೆ.

ನಮ್ಮ ಬೋಟಿನಲ್ಲೂ ಹಾಗೇ ಬಿಟ್ಟಿದ್ದೆವು. ಒಂದು ಸಲ ಆಳಸಮುದ್ರದಲ್ಲಿ, ನಾಲ್ಕನೇ ದಿನದ ರಾತ್ರಿ, ಕ್ಯಾಬಿನ್ ಒಳಗೆ ಮಲಗಿದ್ದ ಮೂವರಿಗೆ ಒಟ್ಟಿಗೇ ತಲೆನೋವು, ವಾಂತಿ ಶುರುವಾಯಿತು. ಇಪ್ಪತ್ತು ವರ್ಷ ಕಡಲಲ್ಲಿ ದುಡಿದವರು ಅಲೆಗೆ ವಾಂತಿ ಮಾಡುವುದಿಲ್ಲ. ಬೋಟು ನಡೆಸುವ ತಂಡೇಲರಿಗೆ ತಕ್ಷಣ ಅನುಮಾನ ಬಂತು. "ಎಲ್ಲರೂ ಮೇಲೆ ಬನ್ನಿ, ಇಂಜಿನ್ ನಿಲ್ಲಿಸಿ" ಅಂದರು. ತಂಪು ಗಾಳಿಯಲ್ಲಿ ಕೂತು ಸ್ವಲ್ಪ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಆಮೇಲೆ ಇಂಜಿನ್ ರೂಮಿಗೆ ಇಳಿದು ಪೈಪಿಗೆ ಸುತ್ತಿದ ಹಗ್ಗ ಬಿಚ್ಚಿ ನೋಡಿದರೆ, ಒಳಗೆ ಬೆಲ್ಲೋಸ್, ಅಂದರೆ ಪೈಪಿನ ಬಳುಕುವ ತುಂಡು, ಒಂದು ಬೆರಳುದ್ದ ಸೀಳಿತ್ತು. ಸುತ್ತಿದ ಹಗ್ಗ ಬಿರುಕನ್ನು ನಮ್ಮ ಕಣ್ಣಿಂದ ಮರೆಮಾಡಿತ್ತು. ಹೊಗೆಯನ್ನು ತಡೆದಿರಲಿಲ್ಲ.

ಅಂದಿನಿಂದ ಪ್ರತಿ ಮಳೆಗಾಲ ಈ ಲೈನನ್ನು ಪೂರ್ತಿ ಬಿಚ್ಚಿ ನೋಡುತ್ತೇನೆ. ಕೆಲಸ ಕಷ್ಟದ್ದಲ್ಲ, ತಾಳ್ಮೆ ಬೇಕು. ಜೂನ್ ಮೊದಲ ವಾರದಲ್ಲೇ ಬಿಚ್ಚಿಬಿಡಿ. ಜುಲೈ ಕೊನೆಗೆ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ ಎಲ್ಲಾ ಕಡೆ ಸಾಲು ಇರುತ್ತದೆ. ಆಗ ಅವಸರದ ಕೆಲಸವೇ ಸಿಗುವುದು.

ನಿಮ್ಮ ಬೋಟಿನಲ್ಲಿ ಇರುವುದು ಯಾವ ಲೈನ್?

ಎರಡು ಬಗೆ ಇವೆ. ಒಂದು ಒಣ ಲೈನ್. ಇಂಜಿನ್ನಿಂದ ಬಿಸಿ ಹೊಗೆ ಕಬ್ಬಿಣದ ಪೈಪಿನಲ್ಲೇ ಹೋಗಿ, ಛಾವಣಿ ದಾಟಿ, ಮೇಲೆ ಹೊರಗೆ ಬರುತ್ತದೆ. ಇನ್ನೊಂದು ನೀರು ಬೆರೆಯುವ ಲೈನ್. ಇದರಲ್ಲಿ ಇಂಜಿನ್ ತಣಿಸಿ ಬಂದ ಕಡಲ ನೀರನ್ನು ಒಂದು ಎಲ್ಬೋ (ಬಾಗಿದ ತುಂಡು) ಹತ್ತಿರ ಹೊಗೆಯ ಜೊತೆ ಸೇರಿಸುತ್ತಾರೆ. ಹೊಗೆ ತಣ್ಣಗಾಗುತ್ತದೆ, ಅಲ್ಲಿಂದ ಮುಂದೆ ರಬ್ಬರ್ ಹೋಸ್ ಸಾಕು. ಈ ಬರಹದಲ್ಲಿ ಜಾಸ್ತಿ ಹೇಳುವುದು ಒಣ ಲೈನ್ ಬಗ್ಗೆ. ನೀರಿನ ಲೈನಿನ ಮುಖ್ಯ ವಿಷಯ ಕೊನೆಯ ಹತ್ತಿರ ಇದೆ.

ಒಣ ಲೈನಿನ ಭಾಗಗಳನ್ನು ಇಂಜಿನ್ ಕಡೆಯಿಂದ ಎಣಿಸಿ: ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆ ಒಟ್ಟು ಸೇರುವ ಭಾಗ), ಇದ್ದರೆ ಟರ್ಬೋ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ತುಂಬುವ ಚಕ್ರ), ಬೆಲ್ಲೋಸ್, ಪೈಪು, ಸೈಲೆನ್ಸರ್ ಡಬ್ಬ, ಮತ್ತೆ ಪೈಪು, ತುದಿಯಲ್ಲಿ ಮಳೆ ಮುಚ್ಚಳ. ಪ್ರತಿ ಎರಡು ಭಾಗಗಳ ನಡುವೆ ಒಂದು ಫ್ಲೇಂಜ್ (ಬೋಲ್ಟ್ ಹಾಕುವ ಅಂಚು), ಒಂದು ಗ್ಯಾಸ್ಕೆಟ್ (ಸಂದು ಮುಚ್ಚುವ ಹಾಳೆ). ಸೋರಿಕೆ ಹೆಚ್ಚಾಗಿ ಕಾಣುವುದು ಈ ಜೋಡಣೆಗಳಲ್ಲಿ, ಬೆಲ್ಲೋಸ್‌ನಲ್ಲಿ, ಇಲ್ಲವೇ ಸೈಲೆನ್ಸರ್ ಡಬ್ಬದ ಅಡಿಯಲ್ಲಿ.

ಸೋರಿಕೆ ಹುಡುಕುವುದು

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್‌ಗಿಂತ ಡೀಸೆಲ್‌ನಲ್ಲಿ ಇದು ಕಡಿಮೆ, ಹೌದು. ಆದರೆ ಮುಚ್ಚಿದ ಕ್ಯಾಬಿನ್‌ನಲ್ಲಿ ಇಡೀ ರಾತ್ರಿ ಸೇರುತ್ತಾ ಹೋದರೆ ಕಡಿಮೆಯೂ ಸಾಕಾಗುತ್ತದೆ. ಹಾಗಾಗಿ ಹುಡುಕುವ ಕೆಲಸಕ್ಕೆ ಅರ್ಧ ದಿನ ಕೊಡಿ.

ಮೊದಲು ಕಣ್ಣು. ಟಾರ್ಚ್ ಹಿಡಿದು ಪ್ರತಿ ಜೋಡಣೆ ನೋಡಿ. ಸೋರುವ ಕಡೆ ಮಸಿ ಗೆರೆ ಇರುತ್ತದೆ, ಒಲೆಯ ಹಿಂದಿನ ಗೋಡೆಗೆ ಹಿಡಿದ ಹಾಗೆ.

ಆಮೇಲೆ ಕಿವಿ ಮತ್ತು ಊದುಬತ್ತಿ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಮೊದಲ ಎರಡು ನಿಮಿಷ ಗಮನಿಸಿ. ಬಿಸಿ ಏರಿದ ಮೇಲೆ ಕಬ್ಬಿಣ ಹಿಗ್ಗಿ ಸಣ್ಣ ಸಂದು ಮುಚ್ಚಿಕೊಳ್ಳುತ್ತದೆ, ಆಗ ಸೋರಿಕೆ ಸಿಗುವುದಿಲ್ಲ. ಮ್ಯಾನಿಫೋಲ್ಡ್ ಹತ್ತಿರ "ಟಕ್ ಟಕ್" ಅಥವಾ "ಚುಸ್ ಚುಸ್" ಸದ್ದು ಬಂದರೆ ಅಲ್ಲೇ ಇದೆ. ಹೊತ್ತಿಸಿದ ಊದುಬತ್ತಿಯನ್ನು ಜೋಡಣೆಯ ಸುತ್ತ ನಿಧಾನಕ್ಕೆ ತನ್ನಿ. ಸೋರುವ ಜಾಗದಲ್ಲಿ ಅದರ ಹೊಗೆ ಪಕ್ಕಕ್ಕೆ ಹಾರುತ್ತದೆ. ಇದನ್ನು ಡೀಸೆಲ್ ಇಂಜಿನ್‌ಗೆ ಮಾತ್ರ ಮಾಡಿ, ಅದೂ ತಳದಲ್ಲಿ ಎಣ್ಣೆ ನಿಂತಿಲ್ಲ, ಬಾಗಿಲು ತೆರೆದಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ. ಪೆಟ್ರೋಲ್ ಅಥವಾ ಗ್ಯಾಸ್ ಇರುವ ಕಡೆ ಬೇಡವೇ ಬೇಡ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ. ಇಂಜಿನ್ ಬಂದ್ ಮಾಡಿ, ಪೂರ್ತಿ ತಣಿಯಲು ಬಿಡಿ. ಲೇತ್ ಅಂಗಡಿಯಲ್ಲಿ ಕಸ ಊದಲು ಇಟ್ಟಿರುವ ಕೈ ಬ್ಲೋವರ್ ತನ್ನಿ. ಹೊಗೆ ಪೈಪಿನ ತುದಿಗೆ ಅದರ ಮೂತಿ ಇಟ್ಟು, ಸುತ್ತ ಬಟ್ಟೆ ತುರುಕಿ, ಒಳಕ್ಕೆ ಗಾಳಿ ಊದಿ. ಇನ್ನೊಬ್ಬರು ಕೆಳಗೆ ಸೋಪು ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಬರಲಿ. ಸೈಕಲ್ ಟ್ಯೂಬ್ ಪಂಚರ್ ನೋಡಿದ ಹಾಗೆ, ತೂತಿದ್ದ ಕಡೆ ನೊರೆ ಏಳುತ್ತದೆ. ಕೂದಲೆಳೆಯಷ್ಟು ಬಿರುಕೂ ಸಿಕ್ಕಿಬೀಳುತ್ತದೆ. ಸಿಕ್ಕ ಜಾಗಕ್ಕೆಲ್ಲ ಚಾಕ್‌ನಲ್ಲಿ ಗುರುತು ಹಾಕಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಪೈಪಿಗೆ ಹಗ್ಗದ ಸುತ್ತು ಇರುವ ಕಡೆ ಇದ್ಯಾವುದೂ ಕಾಣುವುದಿಲ್ಲ. ಸುತ್ತು ತೆಗೆಯಲೇಬೇಕು.

ಹಳೆಯ ಸುತ್ತು: ಇಲ್ಲಿ ಅವಸರ ಬೇಡ

ಹಳೆಯ ಬೋಟುಗಳಲ್ಲಿ ಪೈಪಿಗೆ ಸುತ್ತಿದ ಬಿಳಿ ಅಥವಾ ಬೂದು ಹಗ್ಗ ಆಸ್ಬೆಸ್ಟಾಸ್ ಆಗಿರಬಹುದು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕಾಯಿಲೆ ಬರುವುದು ಹತ್ತಾರು ವರ್ಷ ಕಳೆದ ಮೇಲೆ. ಆದ್ದರಿಂದ ಒಣಗಿದ್ದಾಗ ಕೀಳಬೇಡಿ. ಸೋಪು ನೀರನ್ನು ಸ್ಪ್ರೇ ಮಾಡಿ ಚೆನ್ನಾಗಿ ನೆನೆಸಿ. ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಹಾಕಿ. ಎನ್95 ಆಗಲಿ ಮುಖಕ್ಕೆ ಕಟ್ಟಿದ ಟವೆಲ್ ಆಗಲಿ ಇದಕ್ಕೆ ಸಾಲದು. ತೆಗೆದದ್ದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಬರೆದು, ಪಂಚಾಯತಿ ಅಥವಾ ನಗರಸಭೆಯವರನ್ನು ಕೇಳಿ ಕೊಡಿ. ನೀರಿಗೆ ಎಸೆಯಬೇಡಿ, ಸುಡಬೇಡಿ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಕಿಕೊಂಡ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ಒಗೆಯಬೇಡಿ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯಿರಿ. ಒಂದು ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಡಿ. ಬೋಟಿನ ತಳದಲ್ಲಿ ನಿಂತ ಡೀಸೆಲ್ ಬೆರೆತ ನೀರನ್ನು ಖಾಲಿ ಮಾಡಿ.

ಕಡಲಿನ ಉಪ್ಪು ಗಾಳಿಗೆ ಸ್ಟಡ್ (ತಲೆ ಇಲ್ಲದ ಬೋಲ್ಟ್) ಮತ್ತು ನಟ್ ಒಂದೇ ಆಗಿ ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಸುತ್ತಿಗೆಯಲ್ಲಿ ನಟ್ ಮೇಲೆ ಸಣ್ಣದಾಗಿ ಬಡಿಯಿರಿ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದ್ದು ಹಳೆ ನಟ್‌ನ ಮೂಲೆ ಸವೆಸುತ್ತದೆ. ಮೊದಲು ಸ್ವಲ್ಪ ಬಿಗಿ ಮಾಡುವ ಕಡೆ ತಿರುಗಿಸಿ, ಆಮೇಲೆ ಸಡಿಲ ಮಾಡಿ. ಕಾಲು ಸುತ್ತು ಬಿಟ್ಟರೆ ಮತ್ತೆ ಹಿಂದಕ್ಕೆ ತನ್ನಿ, ಎಣ್ಣೆ ಹಾಕಿ, ಮತ್ತೆ ಮುಂದಕ್ಕೆ. ಬಾರದಿದ್ದರೆ ನಟ್‌ಗೆ ಮಾತ್ರ ಬಿಸಿ ಕೊಡಿ, ಆದರೆ ಮೊದಲು ಹಾಕಿದ ಎಣ್ಣೆಯನ್ನು ಒರೆಸಿ, ಹತ್ತಿರದ ಡೀಸೆಲ್ ಪೈಪನ್ನು ಬಿಚ್ಚಿ ದೂರ ಇಟ್ಟಿರಬೇಕು.

ಸ್ಟಡ್ ಮುರಿದರೆ ಗಾಬರಿ ಬೇಡ. ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ಹೊಸ ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗ್ ಬಿಸಿಗೇ ತುಕ್ಕು ಬಿಡುತ್ತದೆ, ಆರಿದ ಮೇಲೆ ಪಾನಾ ಹಾಕಿದರೆ ಹೆಚ್ಚಾಗಿ ತಿರುಗುತ್ತದೆ. ಹೆಡ್‌ನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಮಟ್ಟಕ್ಕೇ ಮುರಿದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು ಡ್ರಿಲ್ ಮಾಡಬೇಕು. ಡ್ರಿಲ್ ಪಕ್ಕಕ್ಕೆ ಜಾರಿದರೆ ಹೆಡ್ ಹಾಳು. ಕೈ ನಡುಗುತ್ತದೆ ಅನ್ನಿಸಿದರೆ ಇದೊಂದನ್ನು ಅನುಭವಿ ಮೆಕ್ಯಾನಿಕ್ ಕೈಗೆ ಕೊಡಿ.

ಬಿಚ್ಚಿದ ಕೂಡಲೇ ಹೆಡ್‌ನ ತೂತುಗಳಿಗೂ ಟರ್ಬೋ ಬಾಯಿಗೂ ಸ್ವಚ್ಛ ಬಟ್ಟೆ ತುರುಕಿ, ಎಷ್ಟು ಬಟ್ಟೆ ಅಂತ ಬರೆದಿಡಿ. ಒಂದು ವಾಷರ್ ಟರ್ಬೋ ಒಳಗೆ ಬಿದ್ದರೆ ಅದರ ಚಕ್ರದ ಅಲಗುಗಳು ಪುಡಿಯಾಗುತ್ತವೆ. ಖರ್ಚು ಎಷ್ಟು ಅಂತ ಬೋಟು ಇಟ್ಟವರಿಗೆ ಗೊತ್ತು.

ಮ್ಯಾನಿಫೋಲ್ಡ್ ನೋಡುವುದು

ವಯರ್ ಬ್ರಷ್‌ನಲ್ಲಿ ಮಸಿ ತೆಗೆದು, ಹೆಡ್‌ಗೆ ಕೂರುವ ಅದರ ಮುಖವನ್ನು ಸ್ವಚ್ಛ ಮಾಡಿ. ನೇರ ಸ್ಟೀಲ್ ಸ್ಕೇಲನ್ನು ಅದರ ಮೇಲೆ ಉದ್ದಕ್ಕೆ ನಿಲ್ಲಿಸಿ, ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡ್) ತೂರಿಸಿ ನೋಡಿ. ಎಷ್ಟು ಸೊಟ್ಟ ಇರಬಹುದು ಅಂತ ಇಂಜಿನ್ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಇಲ್ಲದಿದ್ದರೆ, 0.15 ಮಿಲಿಮೀಟರ್ ಬ್ಲೇಡ್ ಸಲೀಸಾಗಿ ಒಳಗೆ ಹೋಗುತ್ತಿದ್ದರೆ ನಾನು ಲೇತ್‌ಗೆ ಕಳಿಸಿ ಮುಖ ಸಮ ಮಾಡಿಸುತ್ತೇನೆ. ಸೊಟ್ಟ ಮುಖಕ್ಕೆ ಎರಡು ಗ್ಯಾಸ್ಕೆಟ್ ಹಾಕಿ ಬಿಗಿ ಮಾಡುವ ಅಭ್ಯಾಸ ಕೆಲವರಿಗೆ ಇದೆ. ಅದು ಕೆಲವೇ ದಿನಕ್ಕೆ ಸುಟ್ಟು ಮತ್ತೆ ಸೋರುತ್ತದೆ.

ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಸಾಮಾನ್ಯ ರಾಡ್‌ನಲ್ಲಿ ವೆಲ್ಡ್ ಮಾಡಿದ್ದು ನಿಲ್ಲುವುದಿಲ್ಲ. ನಿಕ್ಕಲ್ ರಾಡ್ ಬೇಕು, ನಿಧಾನಕ್ಕೆ ಬಿಸಿ ಮಾಡಿ, ಬೂದಿ ಅಥವಾ ಒಣ ಮರಳಲ್ಲಿ ಹೂತು ನಿಧಾನಕ್ಕೆ ಆರಿಸಬೇಕು. ಮಾಡಿಸಬಹುದು. ಆದರೆ ಹತ್ತು ದಿನ ಆಳಸಮುದ್ರದಲ್ಲಿ ಇರುವ ಬೋಟಿಗೆ ನಾನಂತೂ ಹೊಸದೇ ಹಾಕುತ್ತೇನೆ.

ಮ್ಯಾನಿಫೋಲ್ಡ್ ಸುತ್ತ ನೀರು ಹರಿಯುವ ಬಗೆಯದ್ದಾದರೆ ಇನ್ನೊಂದು ಪರೀಕ್ಷೆ ಇದೆ. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿತ್ತಾ? ಬಿಸಿ ಏರಿದ ಮೇಲೂ ಬಿಳಿ ಹೊಗೆ ಬರುತ್ತಿತ್ತಾ? ಹಾಗಿದ್ದರೆ ಒಳಗಿನ ಗೋಡೆ ತೂತಾಗಿರಬಹುದು. ನೀರಿನ ದಾರಿಗಳನ್ನು ಮುಚ್ಚಿ ಸಣ್ಣ ಒತ್ತಡದಲ್ಲಿ ಗಾಳಿ ಕೊಟ್ಟು, ನೀರಿನ ಟಬ್‌ನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಅದನ್ನು ಮತ್ತೆ ಹಾಕಬೇಡಿ. ಆ ನೀರು ಒಂದು ದಿನ ಸಿಲಿಂಡರ್ ಒಳಗೆ ಹೋಗುತ್ತದೆ.

ಪೈಪು, ಸೈಲೆನ್ಸರ್, ಬೆಲ್ಲೋಸ್

ಪೈಪನ್ನು ಉದ್ದಕ್ಕೂ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾ ಹೋಗಿ. ಗಟ್ಟಿ ಇರುವ ಕಡೆ ಗಂಟೆಯಂತೆ "ಟಣ್" ಅನ್ನುತ್ತದೆ. ತೆಳ್ಳಗಾದ ಕಡೆ ಸದ್ದು ಮಂಕು. ಅಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಸೈಲೆನ್ಸರ್ ಡಬ್ಬದ ಅಡಿ ಭಾಗವನ್ನು ಬಿಡಬೇಡಿ. ಹೊಗೆಯಲ್ಲಿರುವ ನೀರಿನ ಆವಿ ರಾತ್ರಿ ತಣಿದು ಅಲ್ಲಿ ನಿಲ್ಲುತ್ತದೆ. ಮಸಿ ಸೇರಿ ಅದು ಹುಳಿ ನೀರಾಗುತ್ತದೆ, ಒಳಗಿಂದಲೇ ತಿನ್ನುತ್ತದೆ.

ಹೊಸ ತುಂಡು ಹಾಕುವಾಗ ಜಿಐ ಪೈಪು ತರಬೇಡಿ. ಅಗ್ಗ ನಿಜ. ಆದರೆ ಅದರ ಮೇಲಿನ ಸತು 419 ಡಿಗ್ರಿಯಲ್ಲೇ ಕರಗುತ್ತದೆ, ಮ್ಯಾನಿಫೋಲ್ಡ್ ಹತ್ತಿರದ ಬಿಸಿ ಅದನ್ನು ದಾಟಬಹುದು. ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಉಸಿರಾಡಿದವರಿಗೆ ಅಂದೇ ಚಳಿ ಜ್ವರ ಬರುತ್ತದೆ. ದಪ್ಪ ಗೋಡೆಯ ಕಪ್ಪು ಎಂಎಸ್ (ಸಾದಾ ಸ್ಟೀಲ್) ಪೈಪು ಅಥವಾ ಸ್ಟೇನ್‌ಲೆಸ್ ಸ್ಟೀಲ್ ತನ್ನಿ.

ಅಳತೆ ಇಳಿಸಬೇಡಿ. ಅಂಗಡಿಯಲ್ಲಿ 4 ಇಂಚು ಇಲ್ಲ, 3 ಇಂಚು ಹಾಕೋಣ ಅಂದರೆ ಒಪ್ಪಬೇಡಿ. ಪೈಪಿನ ಅಗಲ ಸ್ವಲ್ಪ ಕಡಿಮೆಯಾದರೂ ಹೊಗೆಗೆ ಅಡ್ಡಿ ಬಹಳ ಏರುತ್ತದೆ. 4ರಿಂದ 3ಕ್ಕೆ ಇಳಿಸಿದರೆ ಅದೇ ಹೊಗೆಗೆ ಅಡ್ಡಿ ನಾಲ್ಕು ಪಟ್ಟು ದಾಟುತ್ತದೆ. ಹೊಗೆ ಹೊರಗೆ ಹೋಗಲಾರದೆ ಇಂಜಿನ್ ಬಿಸಿಯಾಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಚೂಪಾದ ತಿರುವಿನ ಬದಲು ಉದ್ದನೆಯ ಬೆಂಡ್ ಹಾಕಿಸಿ.

ಈಗ ಬೆಲ್ಲೋಸ್. ನಮ್ಮ ಬೋಟಿನಲ್ಲಿ ಸೀಳಿದ್ದು ಇದೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಜಿನ್ ಅದುರುತ್ತದೆ, ಪೈಪು ಬೋಟಿಗೆ ಕಟ್ಟಿರುತ್ತದೆ. ಇವೆರಡರ ನಡುವೆ ಬಳುಕುವ ತುಂಡು ಬೇಕು, ಅದೇ ಬೆಲ್ಲೋಸ್. ಜೊತೆಗೆ ಕಬ್ಬಿಣ ಹಿಗ್ಗುತ್ತದೆ. 3 ಮೀಟರ್ ಎಂಎಸ್ ಪೈಪು 400 ಡಿಗ್ರಿ ಬಿಸಿಯಾದರೆ ಸುಮಾರು 14 ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ ಆದರೆ ಇನ್ನೂ ಜಾಸ್ತಿ. ಆ ಉದ್ದಕ್ಕೆ ಜಾಗ ಕೊಡದಿದ್ದರೆ ಅದು ಎಲ್ಲೋ ಒಂದು ವೆಲ್ಡಿಂಗನ್ನು ಹರಿಯುತ್ತದೆ. ಬೆಲ್ಲೋಸ್ ಬೇಗ ಹೋಗುವುದಕ್ಕೆ ನಾನು ಕಂಡ ಕಾರಣ ಹೆಚ್ಚಾಗಿ ಎರಡೇ. ಮೇಲಿನ ಪೈಪಿನ ಭಾರ ಪೂರ್ತಿ ಅದರ ಮೇಲೆ ಕೂತಿರುತ್ತದೆ, ಅಥವಾ ಜೋಡಿಸುವಾಗ ಅದನ್ನು ತಿರುಚಿರುತ್ತಾರೆ. ಪೈಪಿನ ಭಾರವನ್ನು ಬ್ರಾಕೆಟ್‌ಗೆ ಕೊಡಿ. ಬೆಲ್ಲೋಸ್ ಇಲ್ಲದೆಯೇ ಎರಡು ಫ್ಲೇಂಜ್ ಎದುರು ಬದುರು ಸರಿಯಾಗಿ ನಿಲ್ಲಬೇಕು, ಬೋಲ್ಟಿನ ತೂತುಗಳು ಹೊಂದಬೇಕು. ಹೊಂದದಿದ್ದರೆ ಪೈಪನ್ನು ಸರಿಮಾಡಿ, ಬೆಲ್ಲೋಸನ್ನು ಎಳೆದು ಹೊಂದಿಸಬೇಡಿ. ಸೀಳಿದ ಬೆಲ್ಲೋಸ್‌ಗೆ ವೆಲ್ಡ್ ಹಾಕುವುದೂ ಬೇಡ. ವೆಲ್ಡ್ ಹಾಕಿದ ಕಡೆ ಅದು ಬಳುಕುವುದಿಲ್ಲ, ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ವೆಲ್ಡಿಂಗ್ ಇದ್ದರೆ ತುಂಡನ್ನು ದಡಕ್ಕೆ ತಂದು ಮಾಡಿಸಿ. ಬೋಟಿನ ಒಳಗೇ ಮಾಡಲೇಬೇಕಾದರೆ ಬ್ಯಾಟರಿಯ ಎರಡೂ ವಯರ್, ಆಲ್ಟರ್ನೇಟರ್ ವಯರ್ ಬಿಚ್ಚಿರಬೇಕು. ನೀರಿನ ಬಕೆಟ್, ಒದ್ದೆ ಗೋಣಿ ಹಿಡಿದು ಒಬ್ಬರು ನಿಂತಿರಬೇಕು. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಅಲ್ಲೇ ಇರಬೇಕು.

ಮತ್ತೆ ಜೋಡಿಸುವುದು

ಗ್ಯಾಸ್ಕೆಟ್ ಒಳಗೆ ಸ್ಟೀಲ್ ಹಾಳೆ ಇರುವ ಗ್ರಾಫೈಟ್‌ದು ಅಥವಾ ಕಂಪನಿ ಹೇಳಿದ್ದೇ ಆಗಿರಲಿ. ಮ್ಯಾನಿಫೋಲ್ಡ್‌ಗೆ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ. ಡೀಸೆಲ್ ಇಂಜಿನ್ ಪೂರ್ತಿ ಎಳೆಯುವಾಗ ಅಲ್ಲಿ 400ರಿಂದ 600 ಡಿಗ್ರಿ ಇರುತ್ತದೆ. ಬಿಸಿ ತಡೆಯುವ ಬಗೆಯ ಸಿಲಿಕಾನ್ ಕೂಡ ಅದಕ್ಕಿಂತ ಬಹಳ ಮೊದಲೇ ಸುಟ್ಟುಹೋಗುತ್ತದೆ.

ಸ್ಟಡ್‌ಗಳಿಗೆ ತಾಮ್ರದ ಗ್ರೀಸ್ ಹಚ್ಚಿ. ಮುಂದಿನ ವರ್ಷ ಬಿಚ್ಚುವಾಗ ನೀವೇ ಖುಷಿಪಡುತ್ತೀರಿ. ಎಲ್ಲಾ ನಟ್ ಕೈಯಲ್ಲಿ ಕೂರಿಸಿ. ಆಮೇಲೆ ನಡುವಿನಿಂದ ಶುರುಮಾಡಿ ಎರಡೂ ತುದಿ ಕಡೆ ಹೋಗುತ್ತಾ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಇಂಜಿನ್ ಪುಸ್ತಕದಲ್ಲಿದೆ, ಟಾರ್ಕ್ ರೆಂಚ್‌ನಲ್ಲೇ ಮಾಡಿ. ಒಂದು ತುದಿಯಿಂದ ಬಿಗಿ ಮಾಡುತ್ತಾ ಬಂದರೆ ಇನ್ನೊಂದು ತುದಿ ಎದ್ದು ನಿಲ್ಲುತ್ತದೆ.

ಸುತ್ತು, ಛಾವಣಿ, ಮಳೆ ನೀರು

ಸುತ್ತು ಹಾಕುವ ಮೊದಲು ಸೋಪು ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ನೊರೆ ಬಂದರೆ ಸುತ್ತು ಹಾಕಬೇಡಿ.

ಸುತ್ತು ಯಾಕೆ ಬೇಕು ಅಂದರೆ ಬೆಂಕಿಗೆ. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳಲು 210ರಿಂದ 250 ಡಿಗ್ರಿ ಬಿಸಿ ಸಾಕು, ಕಿಡಿಯೇ ಬೇಡ. ದೊಡ್ಡ ಹಡಗುಗಳಿಗೆ ಅಂತರರಾಷ್ಟ್ರೀಯ ಸೋಲಾಸ್ (ಕಡಲ ಸುರಕ್ಷತೆಯ) ನಿಯಮದಲ್ಲಿ, ಎಣ್ಣೆ ತಾಗಬಹುದಾದ ಕಡೆ 220 ಡಿಗ್ರಿ ದಾಟುವ ಮೇಲ್ಮೈಯನ್ನು ಮುಚ್ಚಲೇಬೇಕು. ನಮ್ಮ ಬೋಟಿನ ಡೀಸೆಲ್‌ಗೂ ಅದೇ ಗುಣ. ಇಂಜೆಕ್ಟರ್ ಪೈಪು ಒಡೆದು ಬರಿ ಸೈಲೆನ್ಸರ್ ಮೇಲೆ ಸಿಡಿದರೆ ಇಂಜಿನ್ ರೂಮು ಉರಿಯುತ್ತದೆ. ಸೆರಾಮಿಕ್ ಉಣ್ಣೆಯ ಹಾಳೆ ಸುತ್ತಿ, ಸ್ಟೇನ್‌ಲೆಸ್ ತಂತಿಯಲ್ಲಿ ಕಟ್ಟಿ, ಮೇಲೆ ತೆಳು ಅಲ್ಯೂಮಿನಿಯಂ ಶೀಟ್ ಹೊದಿಸಿ. ಶೀಟ್ ಇಲ್ಲದಿದ್ದರೆ ಉಣ್ಣೆ ಎಣ್ಣೆ ಹೀರಿಕೊಂಡು ದೀಪದ ಬತ್ತಿಯಾಗುತ್ತದೆ. ಈ ಉಣ್ಣೆ ಕತ್ತರಿಸುವಾಗಲೂ ಮಾಸ್ಕ್ ಬೇಕು. ಫ್ಲೇಂಜ್ ಮತ್ತು ಬೆಲ್ಲೋಸ್ ಮೇಲಿನ ಸುತ್ತನ್ನು ಬೇರೆ ತುಂಡಾಗಿ, ಬಿಚ್ಚಲು ಬರುವ ಹಾಗೆ ಕಟ್ಟಿ. ತಿಂಗಳಿಗೊಮ್ಮೆ ತೆಗೆದು ನೋಡಲು ಆಗಬೇಕು.

ಪೈಪು ಛಾವಣಿ ದಾಟುವ ಕಡೆ ಮರಕ್ಕಾಗಲಿ ಫೈಬರ್‌ಗಾಗಲಿ ತಾಗಬಾರದು. ದೊಡ್ಡ ಕಾಲರ್ ಹಾಕಿ ನಡುವೆ ಗಾಳಿ ಆಡಲು ಜಾಗ ಬಿಡಿ, ಮೇಲೆ ಮಳೆ ತಡೆಯುವ ಛತ್ರಿ ಕೊಡಿ. ಮರ ದಿನಾ ಬಿಸಿ ತಿಂದು ತಿಂದು ಇದ್ದಲಿನಂತಾದರೆ ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ.

ಪೈಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ಡ್ರೈನ್ ಪ್ಲಗ್ ಇರಲೇಬೇಕು. ಎರಡು ತಿಂಗಳು ಮಳೆಗೆ ನಿಂತ ಬೋಟಿನ ಪೈಪಲ್ಲಿ ನೀರು ಇರಬಹುದು. ಆಗಸ್ಟ್‌ಗೆ ಮೊದಲ ಸಲ ಸ್ಟಾರ್ಟ್ ಮಾಡುವ ಮೊದಲು ಆ ಪ್ಲಗ್ ಬಿಚ್ಚಿ. ಧಾರೆಯಾಗಿ ನೀರು ಬಂದರೆ ಸೆಲ್ಫ್ ಹೊಡೆಯಬೇಡಿ, ಇಂಜೆಕ್ಟರ್ ಬಿಚ್ಚಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ. ನೀರನ್ನು ಒತ್ತಿ ಸಣ್ಣದು ಮಾಡಲು ಆಗುವುದಿಲ್ಲ, ಬಗ್ಗುವುದು ಕನೆಕ್ಟಿಂಗ್ ರಾಡ್.

ನೀರು ಬೆರೆಯುವ ಲೈನ್ ಇದ್ದರೆ

ಇಲ್ಲಿ ಮೊದಲು ನೋಡಬೇಕಾದದ್ದು ನೀರು ಸೇರುವ ಎಲ್ಬೋ. ಉಪ್ಪು, ಬಿಸಿ, ಮಸಿ ಮೂರೂ ಅಲ್ಲೇ ಸೇರುತ್ತವೆ. ಒಳಗೆ ಕೈ ಹಾಕಿದರೆ ಕಲ್ಲಿನಂಥ ಕರಿ ಪದರ ಸಿಗುತ್ತದೆ. ಕೆರೆದು ತೆಗೆದ ಮೇಲೆ ಗೋಡೆ ತೆಳ್ಳಗಿದ್ದರೆ ಬದಲಿಸಿ. ಹೋಸನ್ನು ಒತ್ತಿ ನೋಡಿ. ಮೆತ್ತಗಾಗಿದ್ದರೆ, ಒಳಪದರ ಎದ್ದಿದ್ದರೆ ತೆಗೆಯಿರಿ. ಎದ್ದ ಪದರ ಹೊರಗಿಂದ ಕಾಣದೆ ದಾರಿ ಮುಚ್ಚಿಬಿಡುತ್ತದೆ. ಎಕ್ಸಾಸ್ಟ್‌ಗೆಂದೇ ಮಾಡಿದ ಹೋಸ್ ತನ್ನಿ, ಪ್ರತಿ ತುದಿಗೆ ಎರಡೆರಡು 316 ಸ್ಟೇನ್‌ಲೆಸ್ ಕ್ಲಾಂಪ್ ಹಾಕಿ. ಪಂಪಿನ ಇಂಪೆಲ್ಲರ್‌ನ (ಒಳಗೆ ತಿರುಗುವ ಚಕ್ರದ) ರೆಕ್ಕೆ ಮುರಿದಿದ್ದರೆ ಆ ತುಂಡುಗಳನ್ನು ಹುಡುಕಿ ತೆಗೆಯಲೇಬೇಕು, ಅವು ಕೂಲರ್‌ನಲ್ಲಿ ಸಿಕ್ಕಿಕೊಂಡಿರುತ್ತವೆ.

ಇನ್ನೊಂದು ಮುಖ್ಯ ಮಾತು. ಇಂಜಿನ್ ಸ್ಟಾರ್ಟ್ ಆಗದೆ ಪದೇ ಪದೇ ಸೆಲ್ಫ್ ಹೊಡೆಯುವಾಗ ಪಂಪ್ ನೀರು ತುಂಬುತ್ತಲೇ ಇರುತ್ತದೆ, ಅದನ್ನು ಹೊರಗೆ ತಳ್ಳಲು ಹೊಗೆ ಇರುವುದಿಲ್ಲ. ನೀರು ಹಿಂದಕ್ಕೆ ಇಂಜಿನ್‌ಗೆ ಹೋಗುತ್ತದೆ. ಎರಡು ಮೂರು ಸಲಕ್ಕೆ ಆಗದಿದ್ದರೆ ಕಡಲ ನೀರಿನ ವಾಲ್ವ್ ಮುಚ್ಚಿ ಪ್ರಯತ್ನಿಸಿ, ಸ್ಟಾರ್ಟ್ ಆದ ಕೂಡಲೇ ತೆರೆಯಿರಿ.

ಕೊನೆಯ ಪರೀಕ್ಷೆ

ಸ್ಟಾರ್ಟ್ ಮಾಡಿ, ಇಪ್ಪತ್ತು ನಿಮಿಷ ನಿಧಾನಕ್ಕೆ ಓಡಲಿ. ಹೊಸ ಸುತ್ತಿನಿಂದ ಸ್ವಲ್ಪ ಹೊಗೆ, ವಾಸನೆ ಬರುತ್ತದೆ, ಅದು ಅಂಟು ಸುಡುವುದು. ಆ ಹೊತ್ತು ಕೆಳಗೆ ಯಾರೂ ಕೂರಬೇಡಿ. ಪೂರ್ತಿ ತಣಿದ ಮೇಲೆ ಎಲ್ಲಾ ನಟ್ ಇನ್ನೊಮ್ಮೆ ನೋಡಿ, ಸಡಿಲ ಇದ್ದದ್ದನ್ನು ಬಿಗಿ ಮಾಡಿ.

ಪೈಪಿನ ಅಡ್ಡಿ ಅಳೆಯಲು ದುಬಾರಿ ಮೀಟರ್ ಬೇಡ. ಬೆಲ್ಲೋಸ್ ದಾಟಿದ ಕೂಡಲೇ ಪೈಪಿಗೆ ಒಂದು ಸಣ್ಣ ನಟ್ ವೆಲ್ಡ್ ಮಾಡಿಸಿ ತೂತು ಕೊರೆದಿಡಿ. ಅದಕ್ಕೆ ಒಂದು ಮೀಟರ್ ತಾಮ್ರದ ಕೊಳವೆ, ಅದರ ತುದಿಗೆ ಬಡಗಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬ್. ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಇಂಜಿನ್ ಪೂರ್ತಿ ಎಳೆಯುವಾಗ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಅಳೆಯಿರಿ. 100 ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ 10 ಕಿಲೋಪಾಸ್ಕಲ್ ಒತ್ತಡ. ಹಲವು ಡೀಸೆಲ್ ಇಂಜಿನ್‌ಗಳ ಮಿತಿ 7ರಿಂದ 10ರ ಒಳಗೆ ಇರುತ್ತದೆ, ನಿಮ್ಮದರ ಪುಸ್ತಕ ನೋಡಿ. ಮುಗಿದ ಮೇಲೆ ಆ ತೂತಿಗೆ ಬೋಲ್ಟ್ ಹಾಕಿ ಮುಚ್ಚಿ.

ಕಡಲಿಗೆ ಹೋದ ಮೊದಲ ಟ್ರಿಪ್‌ನಲ್ಲಿ ಕ್ಯಾಬಿನ್ ಒಳಗೆ ಮಲಗುವವರ ತಲೆಯ ಎತ್ತರಕ್ಕೆ ಒಂದು ಬ್ಯಾಟರಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ತೂಗುಹಾಕಿ, ಹೊರಡುವ ಮೊದಲು ಅದರ ಟೆಸ್ಟ್ ಬಟನ್ ಒತ್ತಿ. ಗಾಳಿ ಹಿಂದಿನಿಂದ ಬೀಸುವಾಗ ಮೇಲಿನ ಪೈಪಿನಿಂದ ಹೋದ ಹೊಗೆಯೇ ಸುತ್ತಿ ಕ್ಯಾಬಿನ್‌ಗೆ ಬರುವುದುಂಟು, ಲೈನ್ ಎಷ್ಟೇ ಸರಿಯಿದ್ದರೂ. ಆಗ ಮುಂದಿನ ಕಿಟಕಿ ತೆರೆದು ಹಿಂದಿನ ಬಾಗಿಲು ಮುಚ್ಚಿ. ಅಲಾರಂ ಕೂಗಿದರೆ ಮೊದಲು ಎಲ್ಲರನ್ನೂ ಡೆಕ್‌ಗೆ ಕರೆಯಿರಿ, ಇಂಜಿನ್ ರೂಮಿಗೆ ಇಳಿಯುವುದು ಆಮೇಲೆ. ಇಳಿಯುವವರು ಒಬ್ಬರೇ ಇಳಿಯಬಾರದು, ಮೇಲಿನಿಂದ ಇನ್ನೊಬ್ಬರು ನೋಡುತ್ತಿರಬೇಕು.

ಮರಳಿ ಬಂದ ಮೇಲೆ ಬೆಲ್ಲೋಸ್ ಮೇಲಿನ ಸುತ್ತು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗೇ ಉಳಿದರೆ ಸುತ್ತು ಮತ್ತೆ ಕಟ್ಟಿ. ಕಪ್ಪಾದರೆ ಸೋಪು ನೀರಿನ ಡಬ್ಬ ತನ್ನಿ.